ಶಾಲೆಯ ಮೊದಲ ದಿನದ ಆ್ಯಶ್ ಮರ

"ಮನೆಗೆ ಯಾವಾಗ ವಾಪಸ್ ಹೋಗ್ಬಹುದು? ಸುಮ್ನೆ ಒಂದು ಅಂದಾಜು ಹೇಳಿ ಸಾಕು," ಎಂದು ಆಕೆ ಕೇಳಿದಾಗ ನಾನಿನ್ನೂ ಕಾರಿನ ಡಿಕ್ಕಿಯ ಅಂಚಿಗೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದೆ. ಪರಸ್ಪರ ಹೆಸರು ಹೇಳಿಕೊಳ್ಳುವ ಮೊದಲೇ ಬಂದ ಪ್ರಶ್ನೆ ಅದು. ಉತ್ತರ ಗೊತ್ತಿದ್ದರೂ ನಾನು ಹೇಳುವಂತಿರಲಿಲ್ಲ. ನನ್ನನ್ನು ಅಲ್ಲಿಗೆ ಕಳಿಸಿದವರು ಆಕೆಯಲ್ಲ, ಆಕೆಯ ಮನೆಗೆ ವಿಮೆ ಕೊಟ್ಟಿದ್ದ ಕಂಪನಿಯವರು.

ಮನೆ ಇರುವುದು ಐರ್ಲೆಂಡಿನ ಕಾರ್ಕ್ ಬಂದರಿನ ಕಡೆ, ರಿಂಗಾಸ್ಕಿಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಏರಿನ ನೆತ್ತಿಯಲ್ಲಿ. ಹಿತ್ತಲಿನಲ್ಲಿ ನಿಂತರೆ ಔಷಧ ಕಾರ್ಖಾನೆಗಳ ಉಕ್ಕಿನ ಟ್ಯಾಂಕುಗಳು ಕಾಣುತ್ತವೆ, ಹಡಗು ಬಂದಿದ್ದರೆ ಅದರ ಬಿಳಿ ಮೈ ಕಾಣುತ್ತದೆ. ಹಿತ್ತಲು ಮುಗಿಯುವಲ್ಲಿ ನೆಲ ಒಮ್ಮೆಲೇ ಕಡಿದಾಗಿ ಕೆಳಗಿನ ಓಣಿಗೆ ಇಳಿಯುತ್ತದೆ. ಹಿಂದೆ ಯಾವಾಗಲೋ ಓಣಿ ಅಗಲ ಮಾಡಲು ಗುಡ್ಡ ಕಡಿದವರು ಅದನ್ನು ಹಾಗೇ ಬಿಟ್ಟು ಹೋಗಿದ್ದರು. ದಶಕಗಳ ಕಾಲ ಆ ಇಳಿಜಾರು ಅಲುಗಾಡದೆ ನಿಂತಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಹಿತ್ತಲ ಹುಲ್ಲಿನ ಮೇಲೆ, ಅಂಚಿಗೆ ಸಮಾನಾಂತರವಾಗಿ, ಅಂಗೈ ತೂರುವಷ್ಟು ಅಗಲದ ಬಿರುಕು ಬಿಟ್ಟಿತು. ಕೌನ್ಸಿಲ್‌ನವರು ಬಂದು ಮನೆ ಖಾಲಿ ಮಾಡಿಸಿದರು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಂದು ಹೋಟೆಲಿನ ಒಂದೇ ಕೋಣೆ ಸೇರಿದರು. ಬಾಡಿಗೆ ಮನೆ ಹಿಡಿಯಬಹುದಿತ್ತಲ್ಲ ಎಂದು ಕೇಳುವವರು ಐರ್ಲೆಂಡಿನಲ್ಲಿ ಬಾಡಿಗೆ ಮನೆ ಹುಡುಕಿ ನೋಡಿಲ್ಲ ಎಂದೇ ಅರ್ಥ.

ವಿಮಾ ಕಂಪನಿಯ ಪ್ರಶ್ನೆ ನೇರವಾಗಿತ್ತು. ಇಷ್ಟು ವರ್ಷ ನಿಂತ ನೆಲ ಈಗೇಕೆ ಬಿರುಕು ಬಿಟ್ಟಿತು? ಕಾರಣ ಪ್ರಕೃತಿಯದ್ದಾದರೆ ಅವರು ಇಳಿಜಾರನ್ನು ಭದ್ರ ಮಾಡಿಸಿಕೊಡುತ್ತಾರೆ. ಮನೆಯವರೇ ಮಾಡಿದ ಕೆಲಸದಿಂದಾದರೆ ಕೈ ತೊಳೆದುಕೊಳ್ಳುತ್ತಾರೆ, ಆ ಮನೆ ಶಾಶ್ವತವಾಗಿ ಬೀಗ ಬಿದ್ದ ಮನೆಯಾಗುತ್ತದೆ. ನಮ್ಮದು ಕಾರ್ಕ್‌ನ ಸಣ್ಣ ಮಣ್ಣು ಪರೀಕ್ಷೆಯ ಕಚೇರಿ. ಪೂರ್ತಿ ನೀರು ತುಂಬದ ಮಣ್ಣಿನ ಲೆಕ್ಕ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ, ಹಾಗಾಗಿ ಕೆಲಸ ನನ್ನ ಕೊರಳಿಗೆ ಬಿತ್ತು. ಕಂಡುಕೊಂಡದ್ದನ್ನು ಮನೆಯವರೊಡನೆ ಚರ್ಚಿಸಬಾರದು ಎಂಬ ಷರತ್ತಿನೊಂದಿಗೆ.

ಈ ಲೆಕ್ಕ ಏನೆಂದು ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ನಾವೆಲ್ಲ ಒದ್ದೆ ಮರಳಲ್ಲಿ ಕಾಲು ಹುಗಿದು, ಮೇಲೆ ತಟ್ಟಿ ತಟ್ಟಿ, ಮೆಲ್ಲನೆ ಕಾಲು ಎಳೆದು ಗುಬ್ಬಚ್ಚಿ ಗೂಡು ಮಾಡಿದವರೇ. ಆ ಗೂಡು ನಿಲ್ಲುವುದು ಮರಳಿನ ಬಲದಿಂದಲ್ಲ. ಕಣಗಳ ನಡುವೆ ಇರುವ ಅಷ್ಟಿಷ್ಟು ನೀರು ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಮೇಲೆ ಒಂದು ಚೊಂಬು ನೀರು ಸುರಿದರೆ ಆ ಎಳೆತ ಹೋಗುತ್ತದೆ, ಗೂಡು ಕೂರುತ್ತದೆ. ಎಳೆತಕ್ಕೆ ನಮ್ಮವರು ಸಕ್ಷನ್ ಅನ್ನುತ್ತಾರೆ. ನಾನು ದಾವಣಗೆರೆಯವಳು, ಕಪ್ಪು ಮಣ್ಣಿನ ಮೇಲೆ ಕಟ್ಟಿದ ನಮ್ಮ ಮನೆಯ ಬಚ್ಚಲ ಬಾಗಿಲು ಮಳೆಗಾಲದಲ್ಲಿ ಮುಚ್ಚುತ್ತಿರಲಿಲ್ಲ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿಡುತ್ತಿತ್ತು. ನೀರು ಏರಿಳಿದಂತೆ ಮಣ್ಣು ಗುಣ ಬದಲಿಸುತ್ತದೆ ಎನ್ನುವುದನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಆದರೆ ಲೆಕ್ಕದಲ್ಲಿ ಅದನ್ನು ಹಿಡಿಯುವುದು ಬೇರೆಯೇ ಪಾಡು. ಸಾಮಾನ್ಯ ಲೆಕ್ಕದಲ್ಲಿ ಮಣ್ಣು ಪೂರ್ತಿ ತೊಯ್ದಿದೆ ಎಂದೇ ಹಿಡಿಯುತ್ತಾರೆ. ಹಾಗೆ ಹಿಡಿದರೆ ಈ ಇಳಿಜಾರು ಎಂದೋ ಬಿದ್ದಿರಬೇಕು. ಬಿದ್ದಿರಲಿಲ್ಲ. ಅಂದರೆ ಅದನ್ನು ಇಷ್ಟು ವರ್ಷ ಎಳೆದು ಹಿಡಿದಿದ್ದದ್ದು ಸಕ್ಷನ್. ಅದು ಎಲ್ಲಿಂದ ಬಂತು, ಯಾವಾಗ ಹೋಯಿತು? ಅದನ್ನು ಕಂಡುಹಿಡಿಯುವುದು ನನ್ನ ಕೆಲಸ.

ಮಾರ್ಚ್‌ನಲ್ಲಿ ಇಳಿಜಾರಿನ ತಲೆಯಲ್ಲಿ ಎಡದಿಂದ ಬಲಕ್ಕೆ ಟೆನ್ಷಿಯೋಮೀಟರುಗಳನ್ನು ಹೂತೆವು. ನೀರು ತುಂಬಿದ ಉದ್ದ ಕೊಳವೆ, ತುದಿಯಲ್ಲಿ ಹೂಕುಂಡದಂಥ ಸುಟ್ಟ ಮಣ್ಣಿನ ಬಟ್ಟಲು. ಒಣ ಮಣ್ಣು ಬಟ್ಟಲಿನ ಮೂಲಕ ನೀರನ್ನು ಎಳೆಯುತ್ತದೆ, ಎಳೆತ ಎಷ್ಟೆಂದು ಮೇಲಿನ ಮುಳ್ಳು ತೋರಿಸುತ್ತದೆ. ಒಳಗೆ ಗಾಳಿಯ ಗುಳ್ಳೆ ಸೇರಿದರೆ ಮುಳ್ಳು ಸುಳ್ಳು ಹೇಳತೊಡಗುತ್ತದೆ, ಅದಕ್ಕೇ ಕುದಿಸಿ ಗಾಳಿ ತೆಗೆದ ನೀರನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ವಾರಕ್ಕೊಮ್ಮೆ ಹೋಗಿ ಮರುಪೂರಣ ಮಾಡಬೇಕು. ನಾನು ಹೋದಾಗೆಲ್ಲ ಆಕೆಯೂ ಬರುತ್ತಿದ್ದಳು. ಮನೆಯ ಒಳಗೆ ಹೋಗುವಂತಿರಲಿಲ್ಲ, ಆದರೆ ನಾನಿದ್ದಾಗ ಹಿತ್ತಲಿಗೆ ಬರಬಹುದಿತ್ತು. ಬೆಕ್ಕಿಗೆ ಊಟ ಇಡುವುದು ನೆಪ. ಆಕೆಯ ಕೈಯಲ್ಲೂ ಒಂದು ಫ್ಲಾಸ್ಕು, ಅದರಲ್ಲಿ ಚಹಾ.

"ಟೀ ಕುಡೀತೀರಾ?" ಎಂದು ಮೊದಲ ಸಲ ಕೇಳಿದಳು.

"ಬೇಡ."

"ನಿಮ್ದೇ ತಂದಿದೀರಲ್ಲ, ಬಿಡಿ," ಎಂದಳು ನನ್ನ ಫ್ಲಾಸ್ಕ್ ನೋಡಿ. ಅದರ ನೀರನ್ನು ನಾನು ಕೊಳವೆಗೆ ಸುರಿದಾಗ ಆಕೆ ಬಾಯಿ ತೆರೆದಳು. "ನೀವು ನೆಲಕ್ಕೆ ಟೀ ಕುಡಿಸ್ತಿದೀರಾ?"

ಆಮೇಲೆ ಪ್ರತಿ ವಾರ ಚಹಾ ಕುಡಿದೆ. ಆಕೆ ಶಾಲೆಯೊಂದರಲ್ಲಿ ಸಹಾಯಕಿ, ಗಂಡ ಕಾರ್ಖಾನೆಯಲ್ಲಿ ಶಿಫ್ಟು. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕು, ಅದೇ ಕೋಣೆಯಲ್ಲಿ ಮಕ್ಕಳು ಹೋಮ್‌ವರ್ಕ್ ಮಾಡಬೇಕು. "ಎಲ್ಲಾ ಗ್ರ್ಯಾಂಡ್," ಎನ್ನುತ್ತಿದ್ದಳು. ಐರ್ಲೆಂಡಿನವರು ಗ್ರ್ಯಾಂಡ್ ಎಂದರೆ ಯಾವುದೂ ಸರಿಯಿಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿದಿತ್ತು.

ಪ್ರಯೋಗಾಲಯದಲ್ಲಿ ಆ ಮಣ್ಣಿನ ತುಣುಕುಗಳನ್ನು ಒತ್ತಡದ ಪಾತ್ರೆಗಳಲ್ಲಿ ಇಟ್ಟು, ಎಷ್ಟು ಎಳೆದರೆ ಎಷ್ಟು ನೀರು ಬಿಡುತ್ತದೆ, ಎಷ್ಟು ನೀರಿದ್ದಾಗ ಎಷ್ಟು ಗಟ್ಟಿ ಎಂದು ಅಳೆಯಲು ಶುರು ಮಾಡಿದ್ದೆ. ಹಿಮನದಿ ತಂದು ಒಟ್ಟಿದ ಕಲ್ಲು ಮಿಶ್ರಿತ ಜೇಡಿ ಅದು. ನೀರು ಬಿಡಲು ಜಿಪುಣ. ಒಂದೊಂದು ಹಂತ ಸ್ಥಿರವಾಗಲು ವಾರಗಟ್ಟಲೆ. ಅವಸರ ಮಾಡಿದರೆ ಅಂಕಿ ಹಾಳು, ಮಧ್ಯೆ ನಿಲ್ಲಿಸಿದರೆ ಮೊದಲಿಂದ ಶುರು. ನನ್ನ ಗಂಡ ವಾಟರ್‌ಫರ್ಡಿನ ಆಸ್ಪತ್ರೆಯಲ್ಲಿ ಡಾಕ್ಟರು, ವಾರಾಂತ್ಯಕ್ಕೆ ಬರುವವನು. ಮಗಳನ್ನು ಕರೆದುಕೊಂಡು ನಾನೇ ಅಲ್ಲಿಗೆ ಹೋಗೋಣವೆಂದರೆ ಶನಿವಾರವೂ ಪಾತ್ರೆಯ ಒತ್ತಡ ನೋಡಬೇಕು. ಆ ಬೇಸಿಗೆಯಿಡೀ ಆರು ತುಣುಕು ಮಣ್ಣು ನನ್ನನ್ನು ಕಟ್ಟಿಹಾಕಿತ್ತು.

ಮಾಡೆಲ್ ಇನ್ನೊಂದು ಕಾಟ. ಇಳಿಜಾರನ್ನು ಸಾವಿರಾರು ತುಂಡುಗಳಾಗಿ ಕಂಪ್ಯೂಟರಿನಲ್ಲಿ ಹರಡಿ, ಪ್ರತಿ ತುಂಡಿಗೂ ಮಣ್ಣಿನ ಗುಣ ಕೊಟ್ಟು, ಮೇಲಿಂದ ಮಳೆ ಸುರಿಸಿ, ಕೆಲವು ವರ್ಷ ಓಡಿಸಬೇಕು. ಒಂದು ತುಂಡಿನ ನೀರು ಬದಲಾದರೆ ಅದರ ಗಟ್ಟಿತನ ಬದಲಾಗುತ್ತದೆ, ಗಟ್ಟಿತನ ಬದಲಾದರೆ ಪಕ್ಕದ ತುಂಡಿನ ಹೊರೆ ಬದಲಾಗುತ್ತದೆ, ಅದರಿಂದ ಮತ್ತೆ ನೀರು. ಈ ಸುತ್ತಾಟ ಒಂದು ಉತ್ತರಕ್ಕೆ ಬಂದು ನಿಲ್ಲದಿದ್ದರೆ ಪ್ರೋಗ್ರಾಂ ಕೆಂಪು ಸಾಲು ಬರೆದು ಕೈಚೆಲ್ಲುತ್ತದೆ. ನನ್ನದು ಹೆಚ್ಚಿನ ಸಲ ಕೈಚೆಲ್ಲುತ್ತಿತ್ತು.

ಕೊನೆಗೆ ಓಡಿದಾಗ ಬಂದ ಉತ್ತರ ಇನ್ನೂ ಕೆಟ್ಟದ್ದು. ಇಳಿಜಾರು ವರ್ಷಪೂರ್ತಿ ಸುಖವಾಗಿದೆ, ಬಿರುಕು ಬರಲು ಸಾಧ್ಯವೇ ಇಲ್ಲ ಎಂದಿತು. ಬಿರುಕಿನ ಫೋಟೋ ನನ್ನ ಮೇಜಿನ ಮೇಲೇ ಇತ್ತು! ಒಂದು ವಾರ ತಲೆ ಚಚ್ಚಿಕೊಂಡ ಮೇಲೆ ಮಳೆಯ ಅಂಕಿಗಳನ್ನು ತೆರೆದೆ, ನಕ್ಕೂ ಬಿಟ್ಟೆ. ನಮ್ಮ ದೇಶದಲ್ಲಿ ಎರಡೂವರೆ ಮಿಲಿಮೀಟರಿಗಿಂತ ಕಡಿಮೆ ಬಿದ್ದ ದಿನವನ್ನು ಮಳೆಯ ದಿನವೆಂದು ಎಣಿಸುವುದಿಲ್ಲ. ಮಳೆ ಎಂದರೆ ಹೊಡೆಯಬೇಕು, ಚರಂಡಿ ಉಕ್ಕಬೇಕು. ನಾನು ಬರೆದುಕೊಂಡಿದ್ದ ಪ್ರೋಗ್ರಾಮಿನಲ್ಲಿ ಅದೇ ಶಿಸ್ತಿನಿಂದ ಅಂಥ ದಿನಗಳನ್ನೆಲ್ಲ ಸೊನ್ನೆ ಮಾಡಿದ್ದೆ. ಕಾರ್ಕ್‌ನ ಮಳೆಯಲ್ಲಿ ಅರ್ಧಕ್ಕರ್ಧ ದಿನಗಳು ಅಂಥವೇ. ಹೊಡೆದ ಮಳೆ ಕಡಿದಾದ ನೆಲದಿಂದ ಹರಿದು ಹೋಗುತ್ತದೆ. ವಾರಗಟ್ಟಲೆ ಹಿಡಿಯುವ ಜಿನುಗು ಒಂದು ಹನಿಯೂ ಪೋಲಾಗದೆ ಒಳಗಿಳಿಯುತ್ತದೆ. ಅಲ್ಲಿನವರು ಅದನ್ನು ಮಳೆ ಎಂದು ಕೂಡ ಕರೆಯುವುದಿಲ್ಲ, ಮೆತ್ತನೆಯ ದಿನ ಅನ್ನುತ್ತಾರೆ. ಆ ಜಿನುಗನ್ನೆಲ್ಲ ವಾಪಸ್ ಸೇರಿಸಿದೆ.

ಈಗ ಬಲಬದಿಯ ಮುಳ್ಳುಗಳು ಮಾಡೆಲ್ ಹೇಳಿದ್ದಕ್ಕಿಂತ ಒಣ ಮಣ್ಣನ್ನು ತೋರಿಸಿದವು, ಎಡಬದಿಯವು ಸರಿಯಾಗಿ ಹೊಂದಿದವು. ಒಂದೇ ಮಣ್ಣು, ಒಂದೇ ಮಳೆ, ಒಂದೇ ಹಿತ್ತಲು. ಬಲಬದಿಯಲ್ಲಿ, ಐರ್ಲೆಂಡಿನ ಬೇಲಿಗಳಲ್ಲೆಲ್ಲ ಕಾಣುವ ಆ್ಯಶ್ ಜಾತಿಯ ಒಂದು ದೊಡ್ಡ ಮರವಿತ್ತು. ಅದು ಬೇಸಿಗೆಯಿಡೀ ಕೆಳಗಿನ ನೀರನ್ನು ಎಳೆದು ಕುಡಿಯುತ್ತದೆ, ಆ ಒಣಗು ಜಿಪುಣ ಜೇಡಿಯಲ್ಲಿ ಚಳಿಗಾಲದವರೆಗೂ ಆಳದಲ್ಲಿ ಉಳಿಯುತ್ತದೆ. ಎಡಬದಿಯಲ್ಲಿ, ಬಿರುಕು ಅತಿ ಅಗಲವಾಗಿದ್ದ ಕಡೆ, ಮಕ್ಕಳ ಟ್ರ್ಯಾಂಪೊಲಿನ್ ಇತ್ತು. ಇನ್ನೊಂದು ಕೊಳವೆ ಹೂಳಲು ನಾವಿಬ್ಬರೂ ಸೇರಿ ಅದನ್ನು ಪಕ್ಕಕ್ಕೆ ಎಳೆದೆವು. ಕೆಳಗೆ, ನೆಲಕ್ಕೆ ಸಮನಾಗಿ ಕೊಯ್ದ ಮರದ ಬುಡ.

"ಅಲ್ಲೂ ಒಂದು ಆ್ಯಶ್ ಇತ್ತು," ಎಂದಳು ಆಕೆ. "ಆ ಕಾಯಿಲೆ ಗೊತ್ತಲ್ಲ, ದೇಶದ ಆ್ಯಶ್ ಎಲ್ಲಾ ತುದಿಯಿಂದ ಒಣಗ್ತಾ ಬರ್ತಿರೋದು. ಇದಕ್ಕೂ ಬಂದಿತ್ತು. ಒಂದು ಕೊಂಬೆ ಮಕ್ಕಳು ಆಡೋ ಜಾಗಕ್ಕೇ ಬಿತ್ತು. ನಾನೇ ಜನ ಕರೆಸಿ ಕಡಿಸ್ದೆ. ನನ್ ಗಂಡಂಗೆ ಇಷ್ಟ ಇರ್ಲಿಲ್ಲ, ಅವ್ರಪ್ಪ ನೆಟ್ಟಿದ್ದು. ಅದ್ರ ಬುಡದ ಕಟ್ಟಿಗೇಲಿ ನಮ್ ಹರ್ಲಿಂಗ್ ಆಟದ ಕೋಲು ಮಾಡಿಸ್ಕೊಂಡ, ಅಷ್ಟೇ ಉಳೀತು." ಕಾಲಿನಿಂದ ಬುಡದ ಮೇಲಿನ ಕಸ ಸರಿಸಿದಳು. "ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?"

"ಗೊತ್ತಿಲ್ಲ," ಎಂದೆ. ಆ ಹೊತ್ತಿಗೆ ಅದು ನಿಜವಾಗಿತ್ತು.

ವಾರ ಕಳೆಯುವುದರೊಳಗೆ ಗೊತ್ತಾಯಿತು. ಮಾಡೆಲ್‌ಗೆ ಬೇರುಗಳನ್ನು ಸೇರಿಸಿದೆ. ಎರಡೂ ಬದಿ ಮರ ಇಟ್ಟು ಓಡಿಸಿದೆ, ಇಳಿಜಾರು ನಿಂತಿತು. ಆಕೆ ಕಡಿಸಿದ ಕಾಲಕ್ಕೆ ಸರಿಯಾಗಿ, ಬಿರುಕಿಗೆ ಎರಡು ಚಳಿಗಾಲ ಮುಂಚಿನ ಶರತ್ಕಾಲದಲ್ಲಿ, ಎಡಗಡೆಯ ಮರವನ್ನು ಅಳಿಸಿದೆ. ಮೊದಲ ಚಳಿಗಾಲ ಹೇಗೋ ತಡೆಯಿತು, ಎರಡನೆಯ ಚಳಿಗಾಲದ ಕೊನೆಗೆ ಎಡಬದಿ ಜಾರಿತು. ಬಿರುಕು ಬಂದದ್ದೂ ಅಲ್ಲೇ, ಆಗಲೇ. ಇಷ್ಟು ಚೆನ್ನಾಗಿ ಹೊಂದುವ ಉತ್ತರ ನನ್ನ ಕಸುಬಿನಲ್ಲಿ ಅಪರೂಪ. ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು. ಎದ್ದೆ, ಎದ್ದವಳು ಮತ್ತೆ ಕೂತೆ. ಮರ ಕಡಿಸಿದವಳು ಆಕೆ.

ನಮ್ಮ ಕಚೇರಿಯ ಯಜಮಾನ ಒಳ್ಳೆಯ ಮನುಷ್ಯ, ದನಿ ಏರಿಸುವವನಲ್ಲ. ಅವನು ವಿಮಾ ಸರ್ವೇಯರಿಗೆ ಫೋನಿನಲ್ಲಿ ಹೇಳಿದ. ಆ ಕಡೆಯ ಉತ್ಸಾಹ ನನಗೂ ಕೇಳಿಸಿತು. "ಹಾಗಾದ್ರೆ ಮನೆಯವರೇ ಮಾಡಿದ್ದು. ಇದನ್ನೇ ಬರೆದು ಶುಕ್ರವಾರದ ಒಳಗೆ ಕಳಿಸಿ."

ಶುಕ್ರವಾರ ಎಂದರೆ ನಾಲ್ಕೇ ದಿನ. ವರದಿ ಬರೆಯಲು ಕೂತೆ. ಪ್ರತಿ ವಾಕ್ಯವೂ ನಿಜ, ಎಲ್ಲ ಸೇರಿದರೆ ಒಂದು ಸಂಸಾರ ಬೀದಿಗೆ. ಬರೆಯದೆ ಇರುವಂತಿಲ್ಲ, ಅಂಕಿಗಳನ್ನು ಮುಚ್ಚಿಡುವವಳು ನಾನಲ್ಲ. ಆಕೆಗೆ ಹೇಳುವಂತಿಲ್ಲ, ಆದರೆ ಗುರುವಾರ ನೀರು ತುಂಬಲು ಹೋದರೆ ಚಹಾ ಹಿಡಿದು ಬರುತ್ತಾಳೆ. ಕೆಲಸ ಬಿಟ್ಟು ನಡೆಯುತ್ತೇನೆ ಎನ್ನಲು ನನ್ನ ವರ್ಕ್ ಪರ್ಮಿಟ್ ಅದೇ ಕಚೇರಿಯ ಹೆಸರಿನಲ್ಲಿತ್ತು, ನವೀಕರಣಕ್ಕೆ ಹೆಚ್ಚು ತಿಂಗಳು ಉಳಿದಿರಲಿಲ್ಲ. ನಾನು ಹೆದರಿದ್ದೆ. ಆ ಹೆದರಿಕೆಯ ಮೇಲೆ ಸಿಟ್ಟೂ ಬಂದಿತ್ತು, ಸಿಟ್ಟನ್ನು ಗಂಡನ ಮೇಲೆ ತೀರಿಸಿಕೊಂಡೆ.

"ನಿಮ್ ಡಾಕ್ಟ್ರುಗಳ ಕೆಲ್ಸ ಎಷ್ಟು ಸುಲಭ ಕಣೋ, ಔಷಧಿ ಬರ್ಕೊಟ್ರೆ ಮುಗೀತು."

"ಹೌದೌದು, ಅದಕ್ಕೇ ಊಟ ಮಾಡಕ್ಕೆ ಟೈಮಿಲ್ಲ," ಎಂದ ಅವನು ಫೋನಿನಲ್ಲಿ. ಪೂರ್ತಿ ಕೇಳಿಸಿಕೊಂಡ ಮೇಲೆ ಹೇಳಿದ, "ನೋಡು, ನಾವು ಒಬ್ಬನ ಕಾಲು ಕತ್ತರಿಸ್ತೀವಿ. ಆಮೇಲೆ ಅವ್ನು ನಡೆಯಕ್ಕಾಗಲ್ಲ. ಕಾಲು ಕತ್ತರಿಸಿದ್ದಕ್ಕೆ ನಡೆಯಕ್ಕಾಗಲ್ಲ ಅಂತ ಬರೆದ್ರೆ ಸುಳ್ಳಲ್ಲ. ಆದ್ರೆ ಆ ಕಾಲು ಆಗ್ಲೇ ಕೊಳೆತಿತ್ತಾ ಅಂತ ಯಾರಾದ್ರೂ ಕೇಳ್ಬೇಕಲ್ಲ. ನಿನ್ ಮರ ಚೆನ್ನಾಗಿತ್ತಾ?"

ಮಾಡೆಲ್‌ನಲ್ಲಿ ನಾನು ಆರೋಗ್ಯವಂತ ಮರವನ್ನು ಅಳಿಸಿದ್ದೆ. ಎಲೆಯಿಲ್ಲದ ಮರ ನೀರು ಕುಡಿಯುವುದಿಲ್ಲ. ಸತ್ತ ಮರದ ಬೇರು ಕಡಿದ ಮರದ ಬೇರಿನಂತೆಯೇ ಕೊಳೆಯುತ್ತದೆ. ಆಕೆ ಕಡಿಸದೆ ಬಿಟ್ಟಿದ್ದರೆ ಆ ಕಾಯಿಲೆಯ ಮರ ಎಷ್ಟು ಕುಡಿಯುತ್ತಿತ್ತು? ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಫೈಲಿನಲ್ಲಿ ಮನೆಯವರು ಕೊಟ್ಟಿದ್ದ ಒಂದೇ ಒಂದು ಹಳೆಯ ಫೋಟೋ ಇತ್ತು. ದೊಡ್ಡ ಹುಡುಗಿ ಚರ್ಚಿನಲ್ಲಿ ಮೊದಲ ಪ್ರಸಾದ ತೆಗೆದುಕೊಂಡ ದಿನ, ಬಿಳಿ ಉಡುಪಿನಲ್ಲಿ, ಹಿತ್ತಲಲ್ಲಿ. ಮೇ ತಿಂಗಳ ಮೊದಲ ವಾರ, ಕಡಿಸುವುದಕ್ಕೆ ಮೂರು ವರ್ಷ ಮುಂಚೆ. ಹಿಂದಿನ ಆ್ಯಶ್‌ನಲ್ಲಿ ಒಂದು ಎಲೆಯೂ ಇಲ್ಲ! ಪಕ್ಕದ ಬೇಲಿ ಹಚ್ಚಗೆ ತುಂಬಿಕೊಂಡಿದೆ, ಮರ ಬೋಳು. ನನಗೆ ಸಿಕ್ಕಿತು ಎನಿಸಿತು. ಆಗಲೇ ಮರ ಸತ್ತಿತ್ತು ಎಂದು ಮಾಡೆಲ್‌ಗೆ ಕೊಟ್ಟೆ. ಅದು ಬಿರುಕನ್ನು ಮೂರು ವರ್ಷ ಮೊದಲೇ ತಂದು ನಿಲ್ಲಿಸಿತು. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತಿತ್ತು. ಫೋಟೋವನ್ನು ಯಜಮಾನನಿಗೆ ತೋರಿಸಿದೆ. ಅವನು ನಗು ತಡೆದುಕೊಂಡ.

"ಮೇ ತಿಂಗಳ ಆ್ಯಶ್ ಯಾವಾಗ್ಲೂ ಹೀಗೇ ಕಾಣೋದು. ಎಲ್ಲಾ ಮರ ಚಿಗುರಿದ ಮೇಲೆ ಕೊನೇಲಿ ಚಿಗುರೋದು ಅದು. ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು."

ನಮ್ಮೂರಿನಲ್ಲಿ ಯುಗಾದಿಗೆ ಚಿಗುರದ ಮರ ಒಲೆಗೇ. ಅದೇ ಬುದ್ಧಿ ಇಲ್ಲಿಗೂ ತಂದಿದ್ದೆ.

ಬುಧವಾರ ಮಗಳ ಶಾಲೆ ಶುರುವಾಗುವ ದಿನ, ಬೇಸಿಗೆ ರಜೆ ಮುಗಿದಿತ್ತು. ಒಂದನೇ ಕ್ಲಾಸು. ನನಗೆ ತಲೆಯೆಲ್ಲ ಮರವೇ, ಬೇಗ ಬಿಟ್ಟು ಬರುವ ಅವಸರ. ಅವಳು ಯೂನಿಫಾರ್ಮ್ ಹಾಕಿಕೊಂಡು ಬಾಗಿಲಿನ ಮುಂದೆ ನಿಂತು ಕದಲಲಿಲ್ಲ.

"ಫೋಟೋ, ಅಮ್ಮಾ."

"ಸಂಜೆ ತೆಗಿಯೋಣ ಬಾರೇ, ಲೇಟಾಯ್ತು."

"ನೋ! ಎವ್ರಿಬಡಿ ಡಸ್ ಇಟ್ ಬಿಫೋರ್ ಸ್ಕೂಲ್," ಎಂದಳು ಪಕ್ಕಾ ಕಾರ್ಕ್ ರಾಗದಲ್ಲಿ. ನಾನು ಗೇಟಿನ ಹತ್ತಿರ ನಿಲ್ಲು ಎಂದರೆ ಕೇಳಲಿಲ್ಲ. "ಸೇಮ್ ಪ್ಲೇಸ್ ಆ್ಯಸ್ ಲಾಸ್ಟ್ ಇಯರ್. ದಟ್ಸ್ ದ ರೂಲ್, ಅಮ್ಮಾ."

ಫೋಟೋ ತೆಗೆದೆ. ಅವಳ ತಲೆಯ ಹಿಂದೆ ಪಕ್ಕದ ಮನೆಯ ಗಿಡ ಕಾಣುತ್ತಿತ್ತು. ಹೋದ ವರ್ಷದ ಫೋಟೋದಲ್ಲೂ ಅದೇ ಗಿಡ, ಅದೇ ಕೋನ, ಆಗಸ್ಟ್ ಕೊನೆಯ ಅದೇ ವಾರ. ಈ ದೇಶದಲ್ಲಿ ಶಾಲೆಗೆ ಹೋಗುವ ಮಗು ಇರುವ ಪ್ರತಿ ಮನೆಯವರೂ ಪ್ರತಿ ವರ್ಷ ಇದನ್ನೇ ಮಾಡುತ್ತಾರೆ, ಆ್ಯಶ್ ಪೂರ್ತಿ ಎಲೆ ಬಿಟ್ಟಿರುವ ಕಾಲದಲ್ಲಿ. ಅವಳನ್ನು ಶಾಲೆಗೆ ಬಿಟ್ಟು ನೇರ ಯಜಮಾನನ ಕೋಣೆಗೆ ಹೋದೆ.

"ಶುಕ್ರವಾರ ವರದಿ ಕೊಡಲ್ಲ," ಎಂದೆ. "ಮರ ಕಡಿಯದೆ ಇದ್ದಿದ್ರೆ ಏನಾಗ್ತಿತ್ತು ಅಂತ ಓಡಿಸ್ಬೇಕು. ಅದಕ್ಕೆ ಆ ಮನೆಯವರ ಫೋಟೋಗಳು ಬೇಕು."

"ಕಂಪನಿಯವರು ಅದನ್ನ ಕೇಳಿಲ್ಲ."

"ಯಾಕೆ ಬಿರುಕು ಬಂತು ಅಂತ ಕೇಳಿದಾರೆ. ಅದು ಗೊತ್ತಾಗ್ಬೇಕಾದ್ರೆ ಇದು ಬೇಕು. ಎರಡೂ ಲೆಕ್ಕ ಇಲ್ದಿದ್ರೆ ನನ್ ಹೆಸರು ಹಾಕ್ಬೇಡಿ."

ಅವನು ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿದ. ಪರ್ಮಿಟ್ಟಿನ ನವೀಕರಣದ ಕಾಗದ ಇನ್ನು ಯಾವ ಕಚೇರಿಯಿಂದ ಬರಬೇಕೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. "ಉತ್ತರ ಆ ಮನೆಯವರ ವಿರುದ್ಧವೇ ಬಂದ್ರೆ?" ಎಂದು ಕೇಳಿದ.

"ಅದನ್ನೂ ಬರೀತೀನಿ."

"ಸರಿ. ನೀನು ಕೇಳ್ಬೇಡ. ನಾನು ಕೇಳ್ತೀನಿ, ಸರ್ವೇಯರಿಗೂ ಕಾಪಿ ಹಾಕಿ."

ಗುರುವಾರ ಹಿತ್ತಲಿಗೆ ಹೋದೆ. ಆಕೆ ಚಹಾ ಬಗ್ಗಿಸಿದಳು. "ಫೋಟೋ ಕೇಳಿದಾರೆ, ಸ್ಕೂಲ್ ದಿನದ್ದು. ಯಾಕೆ?" ಎಂದಳು. ಹೇಳುವಂತಿಲ್ಲ ಎಂದೆ. "ಈ ಸಲದ್ದು ಹೋಟೆಲ್ ಕಾರಿಡಾರಿನಲ್ಲಿ ತೆಗೆದ್ವಿ. ಅದು ಬೇಡ ತಾನೆ?" ಬೇಡ ಎಂದೆ, ಕೊಳವೆಗೆ ನೀರು ಸುರಿಯಲು ಬಗ್ಗಿದೆ.

ಉಳಿದವು ಬಂದವು. ದೊಡ್ಡ ಹುಡುಗಿ ಶಾಲೆಗೆ ಸೇರಿದ ವರ್ಷದಿಂದ ಬಿರುಕಿನ ಹಿಂದಿನ ವರ್ಷದವರೆಗೆ. ಎಲ್ಲದರಲ್ಲೂ ಅದೇ ಹಿತ್ತಲು, ಬೆನ್ನಿಗೆ ಬಂದರಿನ ಆಕಾಶ. ಮೊದಲ ಫೋಟೋದಲ್ಲಿ ಎರಡು ಆ್ಯಶ್‌ಗಳು ಹಿಂದೆ ದಟ್ಟವಾಗಿ ಕೂಡಿಕೊಂಡು ಆಕಾಶವೇ ಕಾಣದು. ವರ್ಷ ಕಳೆದಂತೆ ಹುಡುಗಿ ಎತ್ತರವಾಗುತ್ತಾಳೆ, ತಮ್ಮ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ, ಹಿಂದೆ ಆಕಾಶ ಹೆಚ್ಚುತ್ತಾ ಹೋಗುತ್ತದೆ. ಕಡಿಸುವ ಮುಂಚಿನ ಕೊನೆಯ ಫೋಟೋದಲ್ಲಿ ಎಡಗಡೆಯ ಮರದಲ್ಲಿ ಕೆಳಗಿನ ಒಂದೆರಡು ಕೊಂಬೆ ಬಿಟ್ಟರೆ ಬರೀ ಕಡ್ಡಿ. ಪ್ರತಿ ಚಿತ್ರದಲ್ಲೂ ಮರದ ಮುಡಿಯ ಸುತ್ತ ಗೆರೆ ಎಳೆದು, ಒಳಗೆ ಎಲೆ ಎಷ್ಟು, ಆಕಾಶ ಎಷ್ಟು ಎಂದು ಅಳೆದೆ. ಎಲೆ ಕಡಿಮೆಯಾದಷ್ಟು ಮರದ ಕುಡಿತವನ್ನು ಮಾಡೆಲ್‌ನಲ್ಲಿ ಕಡಿಮೆ ಮಾಡುತ್ತಾ ಬಂದೆ. ಕಡಿಸಿದ ನಂತರದ ಬೇಸಿಗೆಗೂ ಉಳಿದಿದ್ದ ಆ ಒಂದೆರಡು ಕೊಂಬೆಗಳನ್ನು ಹಾಗೆಯೇ ಬದುಕಿಸಿಟ್ಟೆ, ಮರಕ್ಕೆ ಅನುಮಾನದ ಲಾಭ ಸಿಗಲೆಂದು.

ಮಾಡೆಲ್ ಮತ್ತೆ ಕೆಂಪು ಸಾಲು ಬರೆಯಿತು. ಎಲೆ ಬದಲಾಗುವ ಪ್ರತಿ ವರ್ಷದ ಅಂಚಿನಲ್ಲಿ ಸಿಕ್ಕಿಹಾಕಿಕೊಂಡು ಮುಂದೆ ಹೋಗಲೊಲ್ಲದು. ಸರ್ವೇಯರ್ ದಿನಾ ಫೋನು. ಲೆಕ್ಕ ಮುಂದೆ ಸಾಗುವ ಹೆಜ್ಜೆಗಳನ್ನು ಸಣ್ಣದು ಮಾಡಿದೆ, ಬಿಟ್ಟೆ, ಮತ್ತೆ ಮಾಡಿದೆ. ಮಗಳಿಗೆ ಮೂರು ದಿನ ಚಿತ್ರಾನ್ನವೇ. ಅಕ್ಟೋಬರ್ ಹೊತ್ತಿಗೆ ಒಂದು ಮಧ್ಯಾಹ್ನ ಅದು ಕೊನೆಯವರೆಗೆ ಓಡಿತು. ಕಡಿಯದೆ ಬಿಟ್ಟ ಮರದೊಂದಿಗೂ ಇಳಿಜಾರು ಅದೇ ಚಳಿಗಾಲದಲ್ಲಿ, ಅದೇ ಎಡಬದಿಯಲ್ಲಿ ಜಾರಿತು. ಬಹಳ ಎಂದರೆ ಕೆಲವು ವಾರಗಳ ವ್ಯತ್ಯಾಸ. ಕಡಿದದ್ದಕ್ಕಲ್ಲ, ಕಾಯಿಲೆಗೆ. ನಂಬಿಕೆ ಬಾರದೆ ಅಂಕಿಗಳನ್ನು ಅತ್ತಿತ್ತ ಜರುಗಿಸಿ ಮತ್ತೆ ಮತ್ತೆ ಓಡಿಸಿದೆ. ಬದಲಾಗಲಿಲ್ಲ. ಕಚೇರಿಯ ಟಾಯ್ಲೆಟ್ಟಿಗೆ ಹೋಗಿ ಚೆನ್ನಾಗಿ ಅತ್ತು ಮುಖ ತೊಳೆದುಕೊಂಡು ಬಂದೆ.

ಆದರೆ ಅದೇ ಫೋಟೋಗಳಲ್ಲಿ ಬಲಗಡೆಯ ಮರವೂ ಇತ್ತು. ಅದರ ಮುಡಿಯಲ್ಲೂ ಆಕಾಶ ಇಣುಕತೊಡಗಿತ್ತು. ಇನ್ನು ಕೆಲವು ವರ್ಷಕ್ಕೆ ಆ ಬದಿಯೂ ಹೀಗೇ ಆಗುತ್ತದೆ ಎಂದು ಮಾಡೆಲ್ ಹೇಳುತ್ತಿತ್ತು. ಒಂದು ಬದಿ ರಿಪೇರಿ ಮಾಡಿ ಅವರನ್ನು ಮನೆಗೆ ಕಳಿಸಿ ಎಂದು ನಾನು ಬರೆಯುವಂತಿರಲಿಲ್ಲ. ಇಡೀ ಅಗಲಕ್ಕೂ ಇಳಿಜಾರಿನೊಳಗೆ ಉಕ್ಕಿನ ಸರಳು ತೂರಿಸಿ ಭದ್ರಪಡಿಸಬೇಕು, ಅಲ್ಲಿಯವರೆಗೆ ಯಾರೂ ವಾಸಿಸಬಾರದು ಎಂದು ಬರೆದೆ. ಅಂದರೆ ಮುಂದಿನ ಚಳಿಗಾಲವೂ ಹೋಟೆಲಿನಲ್ಲೇ.

ಎಲ್ಲರನ್ನೂ ಸೇರಿಸಿ ಹಿತ್ತಲಿನ ಗೇಟಿನ ಬಳಿ ಸಭೆ ನಡೆಯಿತು. ಸರ್ವೇಯರ್, ನಮ್ಮ ಯಜಮಾನ, ಆಕೆ, ಪಾಳಿ ಮುಗಿಸಿ ಕಣ್ಣು ಕೆಂಪಾಗಿದ್ದ ಆಕೆಯ ಗಂಡ. ಅಲ್ಲಿ ಮಾತ್ರ ನನಗೆ ಮಾತಾಡಲು ಅನುಮತಿ. ಸರ್ವೇಯರ್ ಪ್ರಶ್ನೆಗಳನ್ನೆಲ್ಲ ಕೇಳಿದ, ಎಲೆ ಅಳೆದ ಬಗೆಯನ್ನು ಎರಡು ಸಲ ಹೇಳಿಸಿಕೊಂಡ. ಮುಗಿದ ಮೇಲೆ, "ರೋಗದಿಂದ ಅಂತ ದಾಖಲು ಮಾಡ್ತೀವಿ. ಕೆಲಸ ಮಾಡಿಸ್ತೀವಿ," ಎಂದು ಫೈಲು ಮುಚ್ಚಿದ.

ಆಕೆ ಕೆಲಸದ ಬಗ್ಗೆ ಕೇಳಲಿಲ್ಲ, ಯಾವಾಗ ವಾಪಸ್ ಎಂದೂ ಕೇಳಲಿಲ್ಲ.

"ಅಂದ್ರೆ ನಾನು ಕಡಿಸಿದ್ದಕ್ಕಲ್ಲ?"

"ಅಲ್ಲ. ಕಡಿಸದೆ ಇದ್ದಿದ್ರೂ ಇದೇ ಆಗ್ತಿತ್ತು."

"ಇನ್ನೊಂದ್ಸಲ ಹೇಳಿ," ಎಂದಳು. ಹೇಳಿದೆ. ಆಕೆ ನನ್ನ ಕಡೆ ನೋಡುತ್ತಿರಲಿಲ್ಲ, ಗಂಡನ ಕಡೆ ನೋಡುತ್ತಿದ್ದಳು. ಎಂಟು ತಿಂಗಳು ಆ ಒಂದು ಕೋಣೆಯಲ್ಲಿ ಅವನು ಆ ಮರದ ಬಗ್ಗೆ ಏನು ಹೇಳಿದ್ದನೋ, ಅಥವಾ ಏನೂ ಹೇಳದೆ ಕೂತಿದ್ದನೋ ನನಗೆ ಗೊತ್ತಿಲ್ಲ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸಾರಿ," ಎಂದ, ಬಹಳ ಮೆಲ್ಲಗೆ. ಸರ್ವೇಯರ್, ಯಜಮಾನ, ನಾನು ಮೂವರೂ ಓಣಿಯ ಕಡೆ ತಿರುಗಿಕೊಂಡೆವು.

ಸರಳು ತೂರಿಸುವ ಕೆಲಸ ವಸಂತದಲ್ಲಿ ಮುಗಿಯಿತು. ಮನೆಗೆ ಹೋಗಬಹುದೆಂಬ ಕಾಗದ ಬೇಸಿಗೆಯಲ್ಲಿ ಸಿಕ್ಕಿತು. ಕೊಳವೆಗಳನ್ನು ಕಿತ್ತು ತಂದ ಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ.

ಆಗಸ್ಟ್ ಕೊನೆಯ ವಾರ, ಮಗಳನ್ನು ಶಾಲೆಗೆ ಬಿಟ್ಟು ಕಾರಿನಲ್ಲಿ ಕೂತಿದ್ದಾಗ ಫೋನಿಗೆ ಒಂದು ಫೋಟೋ ಬಂತು. ಜೊತೆಗೆ ಮಾತೇನೂ ಇರಲಿಲ್ಲ. ಅದೇ ಹಿತ್ತಲು, ಅದೇ ಜಾಗ. ನಾನು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಬಲಗಡೆಯ ಆ್ಯಶ್‌ನ ಮುಡಿಯಲ್ಲಿ ಆಕಾಶ ಎಷ್ಟು ಹೆಚ್ಚಾಗಿದೆ ಎಂದು ನೋಡುತ್ತಾ ಇದ್ದೆ. ಹೆಚ್ಚಾಗಿತ್ತು. ಎಷ್ಟೋ ಹೊತ್ತಾದ ಮೇಲೆ ನಾಚಿಕೆಯಾಗಿ ಚಿತ್ರವನ್ನು ಕೆಳಗೆ ಎಳೆದೆ. ಅಕ್ಕ ತಮ್ಮ ಇಬ್ಬರೂ ಅಲ್ಲಿದ್ದರು, ಹೊಸ ಬೂಟು ಹಾಕಿಕೊಂಡು. ತಮ್ಮನಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು, ಅದಕ್ಕೇ ಬಾಯಿ ಇನ್ನಷ್ಟು ಅಗಲ ಮಾಡಿ ನಗುತ್ತಿದ್ದ.